ಬೂಟು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು?

ಪ್ರಶ್ನೆ: ನನ್ನ ಮಗಳು ಕಾಲೇಜು ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಒಂದೇ ವರ್ಷದಲ್ಲಿ ಎರಡು ಸಲ ಅವಳ ಬಲಗಾಲು ಉಳುಕಿದೆ. ಕಣಕಾಲನ್ನು ಮುಚ್ಚುವಷ್ಟು ಎತ್ತರದ ಬೂಟು ಹಾಕಿಸಿ ಎಂದು ಕೆಲವರು ಹೇಳುತ್ತಾರೆ. ಬೂಟಿಗೂ ಉಳುಕಿಗೂ ಸಂಬಂಧವೇ ಇಲ್ಲ ಎಂದು ಇನ್ನು ಕೆಲವರು. ಕಾಲು ತಿರುಚದಂತೆ ಬೂಟನ್ನು ರೂಪಿಸಲು ನಿಜಕ್ಕೂ ಸಾಧ್ಯವೇ?

ಉತ್ತರ: ಎತ್ತರದ ಬೂಟಿನ ಮೇಲೆ ಜನ ಇಟ್ಟಿರುವ ನಂಬಿಕೆ ಅದರ ಯೋಗ್ಯತೆಗಿಂತ ದೊಡ್ಡದು. ಅಮೆರಿಕದಲ್ಲಿ 622 ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಎತ್ತರದ, ತಗ್ಗಿನ ಮತ್ತು ಗಾಳಿ ತುಂಬುವ ಎತ್ತರದ ಬೂಟುಗಳನ್ನು ಹಂಚಿಕೊಟ್ಟು ನಡೆಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಉಳುಕಿನ ಪ್ರಮಾಣದಲ್ಲಿ ಈ ಮೂರರ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.

ಕಾರಣ ತಿಳಿಯಬೇಕಾದರೆ ಕಾಲು ಉಳುಕುವ ಕ್ಷಣವನ್ನು ನೋಡಬೇಕು. ಜಿಗಿದ ಆಟಗಾರ್ತಿ ನೆಲಕ್ಕಿಳಿಯುವಾಗ ಬೆರಳುಗಳು ಕೆಳಮುಖವಾಗಿರುತ್ತವೆ, ಪಾದದ ಹೊರ ಅಂಚು ಮೊದಲು ನೆಲಕ್ಕೆ, ಅಥವಾ ಇನ್ನೊಬ್ಬರ ಪಾದದ ಮೇಲೆ, ತಗಲುತ್ತದೆ. ಮೈಭಾರ ಅದರ ಮೇಲೆ ಕುಸಿಯುತ್ತಿದ್ದಂತೆ ಅಂಗಾಲು ಒಳಮುಖವಾಗಿ ಹೊರಳಿ, ಕಣಕಾಲಿನ ಹೊರಬದಿಯ ಮುಂಭಾಗದಲ್ಲಿ ಎಲುಬುಗಳನ್ನು ಬೆಸೆದಿರುವ ಅಸ್ಥಿರಜ್ಜು (ಲಿಗಮೆಂಟ್) ಮೊದಲು ಎಳೆದುಕೊಳ್ಳುತ್ತದೆ. ಇದನ್ನು ತಡೆಯಬೇಕಾದ ಸ್ನಾಯುಗಳು ಮೊಣಕಾಲ ಕೆಳಗೆ ಕಾಲಿನ ಹೊರಬದಿಯಲ್ಲಿವೆ. ಆದರೆ ಹೊರಳುವಿಕೆಯ ಸುಳಿವು ಸಿಕ್ಕ ಮೇಲೆ ಅವು ಪ್ರತಿಕ್ರಿಯಿಸಲು ತೊಡಗುವುದಕ್ಕೇ ಸುಮಾರು 60ರಿಂದ 80 ಮಿಲಿಸೆಕೆಂಡು ಬೇಕು, ಬಲ ತುಂಬಿಕೊಳ್ಳಲು ಇನ್ನಷ್ಟು ಹೊತ್ತು ಬೇಕು. ಅಷ್ಟರಲ್ಲಿ ಆಗಬೇಕಾದ ಅನಾಹುತ ಬಹುಪಾಲು ಆಗಿಹೋಗಿರುತ್ತದೆ. ಆದ್ದರಿಂದ ಬೂಟು ಏನಾದರೂ ಸಹಾಯ ಮಾಡುವುದಿದ್ದರೆ ಪಾದ ನೆಲ ಮುಟ್ಟುವ ಆ ಮೊದಲ ಗಳಿಗೆಯಲ್ಲೇ ಮಾಡಬೇಕು. ಎತ್ತರದ ಬೂಟಿನಲ್ಲಿ ಕಣಕಾಲನ್ನು ಸುತ್ತುವ ಮೆತ್ತನೆಯ ಬಟ್ಟೆಯ ಕತ್ತುಪಟ್ಟಿ ಕಾಲಿನೊಂದಿಗೇ ಬಾಗುತ್ತದೆ, ಅಷ್ಟೇ.

ಹಾಗಾಗಿ ವಿನ್ಯಾಸಕಾರರು ಈ ಕತ್ತುಪಟ್ಟಿಗಿಂತ ಅಟ್ಟೆಯ ಕಡೆಗೆ ಗಮನ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ದಪ್ಪ ಅಟ್ಟೆಯ ಮೇಲೆ ನಿಂತ ಪಾದ ನೆಲದಿಂದ ಎತ್ತರಕ್ಕೆ ಹೋಗುತ್ತದೆ. ಎತ್ತರ ಹೆಚ್ಚಿದಷ್ಟೂ ಸನ್ನೆಗೋಲು ಉದ್ದವಾದಂತಾಗಿ, ಅಷ್ಟೇ ಬಲಕ್ಕೆ ಕಣಕಾಲು ಹೆಚ್ಚು ತಿರುಚುತ್ತದೆ. ಪಕ್ಕಕ್ಕೆ ನೆಗೆಯುವ ಚಲನೆಯನ್ನು ಅಳೆದ 1996ರ ಪ್ರಯೋಗವೊಂದರಲ್ಲಿ ಬೂಟು ಹಾಕಿದ ಕಾಲಿಗಿಂತ ಬರಿಗಾಲೇ ಕಡಿಮೆ ಹೊರಳಿತು. ಬೂಟು ನಮ್ಮನ್ನು ಕಾಪಾಡುತ್ತದೆ ಎಂದುಕೊಂಡವರಿಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ ಸರಿ. ಆಸ್ಟ್ರೇಲಿಯಾದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಮ್ಮಡಿಯಲ್ಲಿ ಗಾಳಿಗೂಡು (ಅಟ್ಟೆಯೊಳಗೆ ಗಾಳಿ ತುಂಬಿದ ಪುಟ್ಟ ಕೋಶ) ಇರುವ ಬೂಟು ಹಾಕಿದವರಿಗೆ ಕಣಕಾಲಿನ ಗಾಯದ ಸಾಧ್ಯತೆ 4.3 ಪಟ್ಟು ಹೆಚ್ಚಿತ್ತು. ಇದೊಂದರಿಂದಲೇ ಗಾಳಿಗೂಡನ್ನು ದೋಷಿಯೆಂದು ತೀರ್ಮಾನಿಸಲಾಗದು, ಆದರೆ ಎತ್ತರದ, ಮೆತ್ತನೆಯ ಹಿಮ್ಮಡಿಯನ್ನು ಅನುಮಾನದಿಂದ ನೋಡಲು ಅಷ್ಟು ಸಾಕು.

ಒಳ್ಳೆಯ ಬೂಟಿನಲ್ಲಿ ಪಾದ ಅಟ್ಟೆಯ ಮೇಲೆ ಕೂತಿರುವುದಿಲ್ಲ, ಅಟ್ಟೆಯ ಅಂಚುಗಳ ಒಳಗೆ ಇಳಿದು ಕೂತಿರುತ್ತದೆ. ಹಿಮ್ಮಡಿಯ ಸುತ್ತ ಗಟ್ಟಿಯಾದ ಬಟ್ಟಲಿರುತ್ತದೆ, ಮುಂಗಾಲಿನ ಹೊರಬದಿಯಲ್ಲಿ ಅಟ್ಟೆ ಸ್ವಲ್ಪ ಹೊರಚಾಚಿರುತ್ತದೆ, ಲೇಸು ಬಿಗಿದಾಗ ಪಾದ ಒಳಗೆ ಜಾರುವುದಿಲ್ಲ. ಇದಕ್ಕಿಂತ ಕುತೂಹಲಕರವಾದ ಉಪಾಯವೊಂದು ಡೆನ್ಮಾರ್ಕಿನಿಂದ ಬಂದಿದೆ. ಒಳಾಂಗಣ ಆಟದ ಬೂಟಿನ ಹೊರ ಅಂಚಿಗೆ ನುಣುಪಾದ ತೇಪೆಯೊಂದನ್ನು ಅಂಟಿಸಿದರೆ, ಪಾದ ಓರೆಯಾಗಿ ಇಳಿದಾಗ ಆ ಅಂಚು ನೆಲವನ್ನು ಕಚ್ಚಿಕೊಳ್ಳದೆ ಜಾರುತ್ತದೆ. ಜಾರಿದ ಪಾದಕ್ಕೆ ಚಪ್ಪಟೆಯಾಗಿ ನೆಲೆಗೊಳ್ಳಲು ಅವಕಾಶ ಸಿಗುತ್ತದೆ. ಅಂಗಾಲಿನ ಉಳಿದ ಭಾಗದ ಹಿಡಿತ ಮಾತ್ರ ಹಾಗೆಯೇ ಉಳಿಯುತ್ತದೆ.

ನಿಮ್ಮ ಮಗಳ ವಿಷಯಕ್ಕೆ ಬರುವುದಾದರೆ, ಮೇಲೆ ಹೇಳಿದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಗಾಳಿಗೂಡಿಗಿಂತಲೂ ದೊಡ್ಡ ಅಪಾಯವಾಗಿ ಕಂಡದ್ದು ಹಿಂದೆ ಒಮ್ಮೆ ಕಾಲು ಉಳುಕಿದ್ದುದು. ಎರಡು ಸಲ ಉಳುಕಿದ ಕಾಲಿಗೆ ಹೊಸ ಬೂಟಿಗಿಂತ ಮೊದಲು ಫಿಸಿಯೋಥೆರಪಿಸ್ಟರ ಸಲಹೆ, ಒಂಟಿಕಾಲಿನ ಸಮತೋಲನದ ಅಭ್ಯಾಸ ಮತ್ತು ಆಟದ ವೇಳೆ ಲೇಸು ಕಟ್ಟುವ ಕಣಕಾಲ ಪಟ್ಟಿ ಬೇಕು. ಈ ಪಟ್ಟಿಯನ್ನು ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದಾಗ, ಅದನ್ನು ಧರಿಸಿದವರಲ್ಲಿ ಕಣಕಾಲಿನ ಗಾಯಗಳು ಧರಿಸದವರಲ್ಲಿದ್ದುದರ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿದಿದ್ದವು.

ಪ್ರಶ್ನೆ: ನಾನು ಫುಟ್‌ಬಾಲ್ ಆಟಗಾರ. ಅಟ್ಟೆಯಡಿ ಉದ್ದ ಸ್ಟಡ್‌ಗಳಿರುವ (ನೆಲಕ್ಕೆ ನಾಟುವ ಮೊಳೆಯಂಥ ಉಬ್ಬುಗಳಿರುವ) ಬೂಟು ಹಾಕಿದರೆ ಚೆನ್ನಾಗಿ ಹಿಡಿತ ಸಿಗುತ್ತದೆ. ಆದರೆ ಅಂಥದೇ ಬೂಟು ಹಾಕಿದ್ದ ಗೆಳೆಯನೊಬ್ಬ ಯಾರೂ ತಾಗದೆಯೇ, ಸುಮ್ಮನೆ ತಿರುಗುವಾಗ, ಮಂಡಿಯ ಲಿಗಮೆಂಟ್ ಹರಿದುಕೊಂಡ. ಇದಕ್ಕೆ ಬೂಟು ಕಾರಣವೇ?

ಉತ್ತರ: ಆ ಒಂದು ಘಟನೆಯ ಬಗ್ಗೆ ಇಲ್ಲಿಂದಲೇ ತೀರ್ಪು ಕೊಡಲಾರೆ. ಆದರೆ ನಿಮ್ಮ ಅನುಮಾನಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ಓಡಲು, ನಿಲ್ಲಲು ಬೇಕಾದ ನೇರ ಹಿಡಿತ ಒಂದು. ನೆಟ್ಟ ಪಾದ ತಿರುಗುವುದನ್ನು ತಡೆಯುವ ಹಿಡಿತ ಇನ್ನೊಂದು. ಮೊದಲನೆಯದು ಆಟಕ್ಕೆ ಬೇಕು. ಎರಡನೆಯದು ಹೆಚ್ಚಾದರೆ, ಮೈ ತಿರುಗಿದರೂ ಪಾದ ತಿರುಗದೆ, ಆ ತಿರುಚುವಿಕೆಯೆಲ್ಲ ಮಂಡಿಯ ಪಾಲಿಗೆ ಬರುತ್ತದೆ. ಜೋಸೆಫ್ ಟಾರ್ಗ್ ಎಂಬ ಅಮೆರಿಕದ ವೈದ್ಯರು ಪ್ರೌಢಶಾಲೆಯ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಗಮನಿಸಿ, ಕೆಲವೇ ಉದ್ದ ಸ್ಟಡ್‌ಗಳ ಬದಲು ಹೆಚ್ಚು ಸಂಖ್ಯೆಯ ಗಿಡ್ಡ ಸ್ಟಡ್‌ಗಳ ಬೂಟು ಹಾಕಿದಾಗ ಮಂಡಿಯ ಗಾಯಗಳು ಕಡಿಮೆಯಾದುದನ್ನು 1971ರಲ್ಲಿ ವರದಿ ಮಾಡಿದರು. 1996ರಲ್ಲಿ ಪ್ರಕಟವಾದ ಮೂರು ವರ್ಷಗಳ ಇನ್ನೊಂದು ಅಧ್ಯಯನದಲ್ಲಿ, ಅಟ್ಟೆಯ ಅಂಚಿನುದ್ದಕ್ಕೂ ಉದ್ದ ಸ್ಟಡ್‌ಗಳನ್ನು ಜೋಡಿಸಿದ್ದ ಬೂಟುಗಳಲ್ಲಿ ತಿರುಗುವಿಕೆಗೆ ತಡೆಯೂ ಹೆಚ್ಚು, ಮಂಡಿಯ ಮುಂಭಾಗದ ಅಡ್ಡ ಲಿಗಮೆಂಟಿನ ಗಾಯಗಳೂ ಹೆಚ್ಚು ಎಂದು ಕಂಡುಬಂತು. ಸ್ಟಡ್ ತಿರುಗುವ ಕೇಂದ್ರದಿಂದ ದೂರ ಹೋದಷ್ಟೂ ಅದರ ತಡೆ ಹೆಚ್ಚುವುದು ಸಹಜ.

ನೆಲವನ್ನೂ ಮರೆಯುವಂತಿಲ್ಲ. ಕೃತಕ ಹುಲ್ಲು ಬಿಸಿಲಿಗೆ ಕಾದಾಗ ಬೂಟಿಗೆ ಹೆಚ್ಚು ಅಂಟಿಕೊಳ್ಳುತ್ತದೆ ಎಂಬುದನ್ನೂ ಟಾರ್ಗ್ ತಂಡವೇ ತೋರಿಸಿತು. ಕೃತಕ ಹುಲ್ಲಿನ ಮೈದಾನಗಳಿಗೆ ಫಿಫಾ ನಡೆಸುವ ಪರೀಕ್ಷೆಯಲ್ಲಿ, ಸ್ಟಡ್‌ಗಳಿರುವ ತಟ್ಟೆಯ ಮೇಲೆ ಸುಮಾರು 46 ಕಿಲೋ ಭಾರವಿಟ್ಟು ತಿರುಗಿಸಿ, ಅದಕ್ಕೆ ಬೇಕಾದ ಬಲವನ್ನು ಅಳೆಯುತ್ತಾರೆ. ಆದರೆ ಆಟಗಾರ ಯಾವ ಬೂಟು ಹಾಕಿಕೊಂಡು ಬರುತ್ತಾನೆ ಎಂಬುದು ಆ ತಟ್ಟೆಗೆ ಗೊತ್ತಿರುವುದಿಲ್ಲ. ಒಣಗಿದ ಗಟ್ಟಿ ನೆಲಕ್ಕೂ ಕೃತಕ ಹುಲ್ಲಿಗೂ ಗಿಡ್ಡ, ದುಂಡನೆಯ, ಹೆಚ್ಚು ಸಂಖ್ಯೆಯ ಸ್ಟಡ್‌ಗಳಿರುವ ಬೂಟನ್ನೇ ಆರಿಸಿಕೊಳ್ಳಿ; ಉದ್ದ ಸ್ಟಡ್‌ಗಳನ್ನು ಕೆಸರಿಗೆ ಮೀಸಲಿಡಿ.

ಪ್ರಶ್ನೆ: ಸ್ಕೀ ಹಲಗೆಯಿಂದ ಬೂಟು ತಾನಾಗಿ ಕಳಚಿಕೊಳ್ಳುವಂತೆ, ಅಪಾಯದ ಗಳಿಗೆಯಲ್ಲಿ ಹಿಡಿತ ಬಿಡುವ ಆಟದ ಬೂಟನ್ನು ಏಕೆ ಮಾಡಬಾರದು?

ಉತ್ತರ: ಮಾಡಿ ನೋಡಿದ್ದಾರೆ. ಮುಂಗಾಲಿನ ಸ್ಟಡ್‌ಗಳನ್ನು ತಿರುಗುವ ತಟ್ಟೆಯ ಮೇಲೆ ಕೂರಿಸಿದ ಅಮೆರಿಕನ್ ಫುಟ್‌ಬಾಲ್ ಬೂಟನ್ನು 1973ರಷ್ಟು ಹಿಂದೆಯೇ ಪರೀಕ್ಷಿಸಿ, ಗಾಯಗಳು ಕಡಿಮೆಯಾದವೆಂದು ವರದಿ ಮಾಡಲಾಗಿತ್ತು. ತೊಡಕಿರುವುದು ಮಿತಿಯನ್ನು ಗೊತ್ತುಮಾಡುವುದರಲ್ಲಿ. ಬೇಗ ಬಿಟ್ಟರೆ ಆಟಗಾರ ಜಾರಿ ಬೀಳುತ್ತಾನೆ, ತಡವಾಗಿ ಬಿಟ್ಟರೆ ಮಂಡಿ ಉಳಿಯುವುದಿಲ್ಲ. ಆ ಮಿತಿಯಾದರೋ ಆಟಗಾರನ ತೂಕ, ನೆಲದ ಹದ, ಅಟ್ಟೆಯ ಸವೆತಗಳೊಂದಿಗೆ ಬದಲಾಗುತ್ತಲೇ ಇರುತ್ತದೆ. ಸ್ಕೀಯಿಂಗಿನಲ್ಲೂ ಕಳಚುವ ಬಂಧಗಳಿಂದ ಕಾಲಿನ ಎಲುಬು ಮುರಿಯುವುದು ಬಹಳ ಕಡಿಮೆಯಾಯಿತೇ ಹೊರತು, ಮಂಡಿಯ ಲಿಗಮೆಂಟಿನ ಗಾಯಗಳು ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ.