‘ಅನ್‌ಟುವರ್ಡ್ಸ್ ಇನ್ಸಿಡೆಂಟ್’ ಅಂತ ಬರೆದು ಕ್ಲೇಮ್ ಕಳಿಸಬೇಡಿ

ಹಸುವಿನ ವಿಮೆಗೆ ಅಂತ ನಮ್ಮ ಹೈನುಗಾರರ ಗುಂಪಿನಲ್ಲಿ ನೀವು ಮೇಲೆ ಹಾಕಿರುವ ಇಂಗ್ಲಿಷ್ ಪತ್ರ ನೋಡಿದೆ. ‘ಡ್ಯೂ ಟು ಸಮ್ ಅನ್‌ಟುವರ್ಡ್ಸ್ ಇನ್ಸಿಡೆಂಟ್ ಮೈ ಕೌ ವಾಸ್ ಎಕ್ಸ್‌ಪೈರ್ಡ್, ಕೈಂಡ್ಲಿ ಡೂ ದ ನೀಡ್‌ಫುಲ್.’ ಕೆಳಗೆ ಸಾಲಾಗಿ ‘ಸೂಪರ್ ಡ್ರಾಫ್ಟ್ ಸರ್’ ಅಂತ ಬಂದಿದೆ. ಹಾಲು ಕೊಡುವ ಹಸು ಹೋದ ಸಂಕಟ ಇಲ್ಲಿ ಎಲ್ಲರಿಗೂ ಗೊತ್ತು. ಆದರೂ ಈ ಪತ್ರ ಹೀಗೇ ಕಳಿಸಬೇಡಿ. ಇದೇ ಪದ ಇದ್ದ ನನ್ನ ಪತ್ರವೊಂದು ‘ಸಾವಿನ ಕಾರಣ ನಮೂದಿಸಿಲ್ಲ’ ಅಂತ ಷರಾ ಹೊತ್ತು ವಾಪಸ್ ಬಂದಿತ್ತು.

ಮೊದಲು ಆ ಕೊನೆಯ ‘ಸ್’ ತೆಗೆಯಿರಿ. ಟುವರ್ಡ್ಸ್ ಅನ್ನೋದು ಬೇರೆ ಪದ, ‘ಕಡೆಗೆ’ ಅಂತ. ಇದು ಬರೀ ಅನ್‌ಟುವರ್ಡ್. ಪೊಲೀಸ್ ಅನುಮತಿ ಅರ್ಜಿ, ಸಂಘದ ನಡಾವಳಿ, ಎಲ್ಲ ಕಡೆ ಈ ‘ಸ್’ ಅಂಟಿಕೊಂಡಿರುತ್ತದೆ.

ಸ್ಪೆಲ್ಲಿಂಗ್ ಸರಿಯಾದ ಮಾತ್ರಕ್ಕೆ ಪದ ಸರಿಯಾಗಲ್ಲ. ಅನ್‌ಟುವರ್ಡ್ ಅಂದರೆ ಆಗಬಾರದ್ದು ಏನೋ ಆಯಿತು ಅಂತ. ಏನು ಆಯಿತು ಅಂತ ಅದು ಹೇಳಲ್ಲ. ಯಾರಿಂದ ಆಯಿತು ಅಂತಲೂ ಹೇಳಲ್ಲ. ಹೇಳದೇ ಇರೋದೇ ಆ ಪದದ ಕೆಲಸ. ವಿಮೆಯವರಿಗೆ ಬೇಕಾಗಿರೋದು ಅದರ ಉಲ್ಟಾ. ‘ಗಾಳಿಗೆ ತಂತಿ ಹರಿದು ಬಿದ್ದಿತ್ತು, ಬೆಳಿಗ್ಗೆ ಮೇಯಕ್ಕೆ ಬಿಟ್ಟಾಗ ತುಳಿದುಬಿಟ್ಟಿತು’ ಅಂತ ನೀವೇ ಕೆಳಗೆ ಕಾಮೆಂಟಿನಲ್ಲಿ ಕನ್ನಡದಲ್ಲಿ ಬರೆದಿದ್ದೀರಿ. ಬೇಕಾದ್ದೆಲ್ಲ ಆ ಒಂದು ಸಾಲಿನಲ್ಲಿ ಇದೆ. ಪತ್ರದಲ್ಲಿ ಮಾತ್ರ ಇಲ್ಲ.

ನಾನು ಬಳಸುವ ಪರೀಕ್ಷೆ ಒಂದಿದೆ. ಇದನ್ನು ಯಾವ ಡಿಕ್ಷನರಿಯೂ ಹೇಳಲ್ಲ, ಆದರೆ ಕೈಕೊಟ್ಟಿದ್ದು ಕಡಿಮೆ. ಅನ್‌ಟುವರ್ಡ್ ಹಾಕಬೇಕು ಅನ್ನಿಸಿದ ಜಾಗದಲ್ಲಿ ನಮ್ಮ ‘ಹೆಚ್ಚುಕಮ್ಮಿ’ ಹಾಕಿ ಓದಿ. ‘ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಫೋನ್ ಮಾಡಿ.’ ಸರಿಯಾಗಿ ಕೂರುತ್ತದೆ. ಇಂಗ್ಲಿಷಿನಲ್ಲಿ ‘ಇಫ್ ಎನಿಥಿಂಗ್ ಅನ್‌ಟುವರ್ಡ್ ಹ್ಯಾಪನ್ಸ್’. ‘ರಾತ್ರಿಯೆಲ್ಲ ಕಾದೆ, ಏನೂ ಹೆಚ್ಚುಕಮ್ಮಿ ಆಗಲಿಲ್ಲ.’ ಇದೂ ಸರಿ, ‘ನಥಿಂಗ್ ಅನ್‌ಟುವರ್ಡ್ ಹ್ಯಾಪನ್ಡ್’. ಈಗ ನಿಮ್ಮದು ನೋಡಿ: ‘ಒಂದು ಹೆಚ್ಚುಕಮ್ಮಿಯಿಂದ ನನ್ನ ಹಸು ಸತ್ತಿತು.’ ಕೇಳಿದವರು ‘ಅಂದ್ರೆ ಏನಾಯ್ತು ಮಾರಾಯ್ರೇ?’ ಅನ್ನಲ್ವಾ? ವಿಮೆ ಆಫೀಸಿನವರೂ ಅದನ್ನೇ ಅನ್ನುತ್ತಾರೆ, ಸೀಲು ಹಾಕಿ.

ಅಂದರೆ ಆಗದೇ ಇದ್ದದ್ದಕ್ಕೆ, ಇನ್ನೂ ಆಗಬಹುದಾದ್ದಕ್ಕೆ ಈ ಪದ ಚೆನ್ನ. ಅಕ್ಕಪಕ್ಕ ನಥಿಂಗ್, ಎನಿಥಿಂಗ್, ಇಫ್, ನೋ ಇದೆಯಾ ನೋಡಿಕೊಳ್ಳಿ. ಆಗಿಹೋದದ್ದಕ್ಕೆ ಅದರದ್ದೇ ಹೆಸರಿದೆ: ಶಾಕ್, ಹಾವು ಕಡಿತ, ಹೊಟ್ಟೆ ಉಬ್ಬರ. ಅದನ್ನು ಬರೆಯಿರಿ.

ಪರೀಕ್ಷೆ ಪೂರ್ತಿ ಪಕ್ಕಾ ಅಲ್ಲ ಅನ್ನೋದೂ ಹೇಳಿಬಿಡುತ್ತೇನೆ. ‘ಆ ಮನೇಲಿ ಏನೋ ಹೆಚ್ಚುಕಮ್ಮಿ ಆಯ್ತಂತೆ’ ಅಂತ ದನಿ ತಗ್ಗಿಸಿ ಹೇಳುತ್ತೇವಲ್ಲ, ಅಲ್ಲಿ ಆಗಿದೆ, ಆದರೆ ಬಾಯಿಬಿಟ್ಟು ಹೇಳಲ್ಲ. ಇಂಗ್ಲಿಷ್ ಪದಕ್ಕೂ ಆ ಚಾಳಿ ಇದೆ. ಹಳೇ ಉದಾಹರಣೆ ನವಾರಿನೋ ಕಾಳಗ. 1827ರ ಅಕ್ಟೋಬರ್ 20ರಂದು ಬ್ರಿಟಿಷ್, ಫ್ರೆಂಚ್, ರಷ್ಯನ್ ಹಡಗುಗಳು ಸೇರಿ ಗ್ರೀಸ್ ತೀರದಲ್ಲಿ ತುರ್ಕರ ಮತ್ತು ಈಜಿಪ್ಟಿನವರ ನೌಕಾಪಡೆಯನ್ನು ಪುಡಿಪುಡಿ ಮಾಡಿದವು. ತುರ್ಕರ ಜೊತೆ ಬ್ರಿಟನ್ ಯುದ್ಧ ಸಾರಿರಲೇ ಇಲ್ಲ. ಗೆದ್ದಾಗಿದೆ, ಖುಷಿಪಡುವ ಹಾಗಿಲ್ಲ, ಕ್ಷಮೆ ಕೇಳುವ ಹಾಗೂ ಇಲ್ಲ. 1828ರ ಜನವರಿಯಲ್ಲಿ ಪಾರ್ಲಿಮೆಂಟಿನಲ್ಲಿ ರಾಜನ ಭಾಷಣ ಓದಿದಾಗ ಅದನ್ನು ‘ಅನ್‌ಟುವರ್ಡ್ ಈವೆಂಟ್’ ಅಂದರು. ಆಗ ಪ್ರಧಾನಿ ವೆಲ್ಲಿಂಗ್ಟನ್, ಅದೇ ನಮ್ಮ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. ಸಾವಿರಾರು ಜನ ಸತ್ತ ಕಾಳಗಕ್ಕೆ ‘ಏನೋ ಹೆಚ್ಚುಕಮ್ಮಿ ಆಯ್ತು’! ಜವಾಬ್ದಾರಿ ಜಾರಿಸಬೇಕಾದವರಿಗೆ ಪದ ಒದಗುತ್ತದೆ. ದುಡ್ಡು ಬರಬೇಕಾದವರಿಗಲ್ಲ.

ನಮ್ಮಲ್ಲಿ ಇದು ಇಷ್ಟು ಹಬ್ಬಿದ್ದಕ್ಕೆ ಪೇಪರೂ ಕಾರಣ. ‘ಯಾವುದೇ ಅಹಿತಕರ ಘಟನೆ ನಡೆಯದಂತೆ ಬಿಗಿ ಪೊಲೀಸ್ ಬಂದೋಬಸ್ತ್ ಮಾಡಲಾಗಿತ್ತು’, ಈ ಸಾಲು ಓದದೆ ಗಣಪತಿ ವಿಸರ್ಜನೆ ಮುಗಿಯಲ್ಲ. ಇಂಗ್ಲಿಷ್ ಪೇಪರಿನ ‘ನೋ ಅನ್‌ಟುವರ್ಡ್ ಇನ್ಸಿಡೆಂಟ್ ವಾಸ್ ರಿಪೋರ್ಟೆಡ್’ ಅದರ ಜೋಡಿ. ಪೇಪರಿನಲ್ಲಿ ಹೀಗೆ ಬರೆಯೋದು ತಪ್ಪಲ್ಲ, ಏನೂ ಆಗಲಿಲ್ಲ ಅಂತ ತಾನೇ ಹೇಳುತ್ತಿರೋದು. ನಾವು ಆ ‘ನೋ’ ಬಿಟ್ಟು ಉಳಿದದ್ದನ್ನು ಎತ್ತಿಕೊಂಡು ಬಂದಿದ್ದೇವೆ, ಎಡವಟ್ಟು ಅಲ್ಲೇ.

ಒಂದು ಕಡೆ ಮಾತ್ರ ನನ್ನ ಮಾತು ಕೇಳಬೇಡಿ. ರೈಲಿನ ವಿಷಯ. 1989ರ ರೈಲ್ವೆ ಕಾಯ್ದೆಯ 123ನೇ ಸೆಕ್ಷನ್‌ನಲ್ಲಿ ‘ಅನ್‌ಟುವರ್ಡ್ ಇನ್ಸಿಡೆಂಟ್’ಗೆ ಅರ್ಥ ಕಟ್ಟಿಕೊಟ್ಟಿದ್ದಾರೆ. ರೈಲಿನಲ್ಲಿ ಅಥವಾ ಸ್ಟೇಷನ್ನಿನಲ್ಲಿ ಭಯೋತ್ಪಾದಕ ಕೃತ್ಯ, ದರೋಡೆ, ಗಲಭೆ, ಬೆಂಕಿ ಹಚ್ಚುವುದು. ಜೊತೆಗೆ ಪ್ರಯಾಣಿಕ ಆಕಸ್ಮಿಕವಾಗಿ ರೈಲಿನಿಂದ ಬೀಳುವುದು. 124ಎ ಪ್ರಕಾರ ರೈಲ್ವೆಯ ತಪ್ಪಿದೆಯೋ ಇಲ್ಲವೋ, ಪರಿಹಾರ ಕೊಡಬೇಕು. ಸಾವಾದರೆ 2017ರಿಂದ 8 ಲಕ್ಷ. ಆತ್ಮಹತ್ಯೆ, ಕುಡಿದ ಅಮಲು, ಸ್ವಂತ ಕಾಯಿಲೆ, ತಾನೇ ಮಾಡಿದ ಅಪರಾಧ ಇದ್ದರೆ ಇಲ್ಲ. ಆ ಅರ್ಜಿಯಲ್ಲಿ ಈ ಎರಡು ಪದ ಇರಲಿ, ಜೊತೆಗೆ ಹೇಗೆ ಬಿದ್ದರು ಅನ್ನೋದೂ ಇರಲಿ. ಇಂಥ ಅರ್ಜಿ ವಿಚಾರಿಸುವ ನ್ಯಾಯಮಂಡಳಿ, ಬೆಂಗಳೂರಿನಲ್ಲೇ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನ ಪೀಠ ಇದೆ. ಕಾನೂನಿಗೂ ಈ ಪದ ಬಳಸಲು ಪಟ್ಟಿ ಕೊಡಬೇಕಾಯಿತು ಅನ್ನೋದನ್ನ ಗಮನಿಸಿ.

ಔಷಧಿ ಪ್ರಯೋಗದವರ ಕಾಗದದಲ್ಲೂ ‘ಅನ್‌ಟುವರ್ಡ್ ಮೆಡಿಕಲ್ ಅಕರೆನ್ಸ್’ ಅಂತ ಬರುತ್ತದೆ. ಔಷಧಿಯಿಂದಲೇ ಆಯಿತು ಅಂತ ಅಲ್ಲ, ಔಷಧಿ ಕೊಟ್ಟ ಮೇಲೆ ಏನೋ ತೊಂದರೆ ಕಂಡಿದೆ ಅಷ್ಟೇ. ಕಾರಣ ಆಮೇಲೆ ನೋಡೋಣ ಅನ್ನುವ ಪದ ಅವರಿಗೆ ಬೇಕು. ನಿಮ್ಮ ಹಸುವಿನ ಕಾರಣ ಗೊತ್ತಿದೆಯಲ್ಲ!

ಹಾಗಾದರೆ ಬೇರೆ ಏನು ಹಾಕಬೇಕು ಅಂತ ಕೇಳುತ್ತೀರಿ. ‘ಅನ್‌ಫಾರ್ಚುನೇಟ್’ ಹಾಕಿ ಅಂತ ಮೇಲೊಬ್ಬರು ಹೇಳಿದ್ದಾರೆ. ಅದು ದುಃಖ ಹೇಳುತ್ತದೆ, ಕಾರಣ ಹೇಳಲ್ಲ. ‘ಅಡ್ವರ್ಸ್’ ಅಂದರೆ ಪ್ರತಿಕೂಲ, ಹವಾಮಾನಕ್ಕೆ, ಪರಿಣಾಮಕ್ಕೆ ಸರಿ. ಅದನ್ನು ‘ಅವರ್ಸ್’ ಜೊತೆ ಬೆರೆಸಬೇಡಿ, ಅವರ್ಸ್ ಅಂದರೆ ಒಲ್ಲದವನು. ಆ್ಯಕ್ಚುಲಿ ಇಲ್ಲಿ ವಿಶೇಷಣವೇ ಬೇಡ. ಹೀಗೆ ಬರೆಯಿರಿ: ‘ಮೈ ಕೌ ಡೈಡ್ ಆಫ್ ಎಲೆಕ್ಟ್ರಿಕ್ ಶಾಕ್ ಆಫ್ಟರ್ ಸ್ಟೆಪಿಂಗ್ ಆನ್ ಎ ಫಾಲನ್ ಪವರ್ ಲೈನ್.’ ಮುಂದೆ ತಾರೀಖು, ಹೊತ್ತು, ಸರ್ವೆ ನಂಬರ್, ಕಿವಿಯ ಟ್ಯಾಗ್ ನಂಬರ್. ‘ವಾಸ್ ಎಕ್ಸ್‌ಪೈರ್ಡ್’ ಬೇಡ, ಎಕ್ಸ್‌ಪೈರ್ ಆಗೋದು ಪಾಲಿಸಿ. ಅದೂ ಆಗಿದೆಯಾ ಒಮ್ಮೆ ನೋಡಿಕೊಳ್ಳಿ. ‘ಡೂ ದ ನೀಡ್‌ಫುಲ್’ ಬದಲು ಕ್ಲೇಮ್ ಮಂಜೂರು ಮಾಡಿ ಅಂತ ನೇರವಾಗಿ ಕೇಳಿ.

ಡಿಕ್ಷನರಿ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಫೋನಿನ ಅನುವಾದ ಆ್ಯಪ್‌ಗೆ ‘ಅವಘಡ’ ಕೊಟ್ಟು ಅದು ಕೊಟ್ಟಿದ್ದನ್ನ ಹಾಗೇ ಅಂಟಿಸೋ ಅಭ್ಯಾಸ ಬಿಡಿ. ನನಗೆ ಲಾಂಗ್‌ಮನ್ ಇಷ್ಟ. ಪದದ ಜೊತೆ ಯಾವ ಪದ ಬರುತ್ತದೆ ಅಂತ ವಾಕ್ಯ ಹಾಕಿ ತೋರಿಸುತ್ತದೆ, ಆನ್‌ಲೈನ್‌ನಲ್ಲಿ ಪುಕ್ಕಟೆ. ಆಕ್ಸ್‌ಫರ್ಡ್ ಲರ್ನರ್ಸ್ ಕೂಡ ಚೆನ್ನಾಗಿದೆ, ಉಚ್ಚಾರಣೆ ಕೇಳಬಹುದು. ಅನ್‌-ಟು-ವರ್ಡ್ ಅಂತ ನಾವು ಹೇಳೋದು ಬ್ರಿಟಿಷರ ಬಾಯಲ್ಲಿ ‘ಅನ್‌ಟವಾಡ್’ಗೆ ಹತ್ತಿರ, ಒತ್ತು ಕೊನೆಗೆ. ಯಾರೋ ಕಿಟೆಲ್ ನಿಘಂಟು ನೋಡಿ ಅಂದಿದ್ದಾರೆ. ಸ್ವಾಮೀ, 1894ರ ಆ ಪುಸ್ತಕ ಕನ್ನಡದಿಂದ ಇಂಗ್ಲಿಷಿಗೆ. ಆನ್‌ಲೈನ್ ನಿಘಂಟು ಅಲರ್ ಕೂಡ ಹಾಗೇ. ಇಂಗ್ಲಿಷ್ ಪದ ಹುಡುಕಲು ಅವು ಅಲ್ಲ.

ಹೈನುಗಾರರಿಗೆ ಇನ್ನೊಂದು ಖುಷಿಯ ವಿಷಯ. ಹಳೇ ಇಂಗ್ಲಿಷಿನಲ್ಲಿ ‘ಟುವರ್ಡ್’ ಅಂದರೆ ಹೇಳಿದ ಮಾತು ಕೇಳುವ, ಪಳಗುವ ಗುಣದವನು. ಅನ್‌ಟುವರ್ಡ್ ಅಂದರೆ ಮೊಂಡ. 1611ರ ಬೈಬಲ್ಲಿನಲ್ಲಿ ‘ಅನ್‌ಟುವರ್ಡ್ ಜನರೇಷನ್’ ಅಂತ ಇರೋದು ಆ ಅರ್ಥದಲ್ಲೇ. ಕರೆಯಲು ಕೂತರೆ ಬಕೆಟ್ಟಿಗೆ ಒದೆಯುವ ಹಸುವನ್ನು ಆ ಕಾಲದಲ್ಲಿ ಹಾಗೆ ಅನ್ನಬಹುದಿತ್ತು. ಈಗ ಹಾಗೆ ಬರೆದರೆ ಯಾರಿಗೂ ಅರ್ಥವಾಗಲ್ಲ, ಬರೆಯಬೇಡಿ.

ಜಾನುವಾರು ಜಾತ್ರೆಗೆ ಪೊಲೀಸ್ ಅನುಮತಿ ಕೇಳುವ ಪತ್ರ ಇಲ್ಲೇ ಹಾಕಿದವರಿಗೆ: ‘ವಿ ಗ್ಯಾರಂಟಿ ನೋ ಅನ್‌ಟುವರ್ಡ್ ಇನ್ಸಿಡೆಂಟ್’ ಅಂತ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ಅನ್‌ಟುವರ್ಡ್ ಇರಲಿ, ‘ನೋ ಅನ್‌ಟುವರ್ಡ್ ಇನ್ಸಿಡೆಂಟ್’ ಸರಿಯಾಗಿಯೇ ಇದೆ. ಆದರೆ ‘ವಿ ಗ್ಯಾರಂಟಿ’ ತೆಗೆಯಿರಿ. ಹೋರಿ ಹಗ್ಗ ಕಿತ್ತುಕೊಂಡರೆ ನೀವು ಏನು ಗ್ಯಾರಂಟಿ ಕೊಡುತ್ತೀರಿ? ‘ವಿ ವಿಲ್ ಟೇಕ್ ಎವರಿ ಕೇರ್’ ಅಂತ ಹಾಕಿ, ಸ್ವಯಂಸೇವಕರು ಎಷ್ಟು ಜನ, ಪಶುವೈದ್ಯರು ಯಾರು ಅಂತ ಬರೆಯಿರಿ. ಅಸಲಿಗೆ ಸ್ಥಳೀಯ ಠಾಣೆಗೆ ಇಂಗ್ಲಿಷ್ ಯಾಕೆ? ಕನ್ನಡದಲ್ಲೇ ಕೊಡಿ, ತಗೊಳ್ಳುತ್ತಾರೆ.

ಹಸುವಿನವರಿಗೆ ಕೊನೆಯದಾಗಿ: ಪೋಸ್ಟ್‌ಮಾರ್ಟಂ ಆಗುವವರೆಗೆ ಹೂಳಬೇಡಿ, ಕಿವಿ ಟ್ಯಾಗ್ ಕಳೆಯಬೇಡಿ. ‘ನೋ ಟ್ಯಾಗ್ ನೋ ಕ್ಲೇಮ್’ ಅನ್ನೋದು ಜಾನುವಾರು ವಿಮೆಯಲ್ಲಿ ಸಾಮಾನ್ಯ ಷರತ್ತು. ಟ್ಯಾಗ್ ಕಾಣುವ ಹಾಗೆ, ಬಿದ್ದ ತಂತಿ ಕಾಣುವ ಹಾಗೆ ಫೋಟೋ ತೆಗೆಯಿರಿ. ತಂತಿಯ ಹತ್ತಿರ ಹೋಗುವ ಮುಂಚೆ ಲೈನ್ ಆಫ್ ಆಗಿದೆಯಾ ಅಂತ ಲೈನ್‌ಮನ್‌ನಿಂದ ಖಾತ್ರಿ ಮಾಡಿಕೊಳ್ಳಿ. ವಿದ್ಯುತ್ ಕಂಪನಿಗೆ ಪರಿಹಾರದ ಅರ್ಜಿ ಬೇರೆಯೇ ಹಾಕಬೇಕು, ಅದರಲ್ಲೂ ಕಾರಣದ ಸಾಲು ಇದೇ ಇರಲಿ. ಎರಡು ಕಡೆ ಎರಡು ಥರ ಬರೆದರೆ ಎರಡೂ ಕಡೆ ಪ್ರಶ್ನೆ ಏಳುತ್ತದೆ. ತಿದ್ದಿದ ಡ್ರಾಫ್ಟ್ ಇಲ್ಲಿ ಹಾಕಿ, ಸಂಜೆ ಹಾಲು ಹಾಕಿ ಬಂದು ನೋಡುತ್ತೇನೆ.