ಥಾರ್‌ಗೆ ಸಸ್ಪೆನ್ಷನ್ ಕಿಟ್: ಇಂಚಿನ ಲೆಕ್ಕಕ್ಕಿಂತ ಮೊದಲು ತೂಕದ ಲೆಕ್ಕ

ಪ್ರಶ್ನೆ: ಗೋಣಿಕೊಪ್ಪದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಲೇತ್, ವೆಲ್ಡಿಂಗ್ ಎಲ್ಲ ಇದೆ. ಅಪ್ಪ ಮೊದಲಿಂದಲೂ ಜೀಪ್ ಕೆಲಸದವರು, ನಾನು ಮೆಕ್ಯಾನಿಕಲ್ ಓದಿದ್ದೇನೆ. 2020ರಲ್ಲಿ ಬಂದ ಹೊಸ ಮಹೀಂದ್ರಾ ಥಾರ್‌ಗೆ ನಾವೇ ಒಂದು ಸಸ್ಪೆನ್ಷನ್ ಕಿಟ್ ಡಿಸೈನ್ ಮಾಡಿ ಮಾರಬೇಕು ಅಂತ ಆಸೆ. ಬರುವ ಗಿರಾಕಿಗಳೆಲ್ಲ ಎರಡು ಇಂಚು ಲಿಫ್ಟ್, ಅಂದರೆ ಬಾಡಿ ಅಷ್ಟು ಎತ್ತರಿಸಿ ಕೊಡಿ ಅಂತ ಕೇಳುತ್ತಾರೆ. ತೋಟದವರಿದ್ದಾರೆ, ಮಾಂದಲ್‌ಪಟ್ಟಿಗೆ ಟೂರಿಸ್ಟ್ ಹತ್ತಿಸುವವರೂ ಇದ್ದಾರೆ. ಎಲ್ಲಿಂದ ಶುರು ಮಾಡಬೇಕು ಸರ್?

ಉತ್ತರ: ವೇ ಬ್ರಿಡ್ಜ್‌ನಿಂದ, ಅಂದರೆ ಗಾಡಿ ತೂಗುವ ಕಾಟಾದಿಂದ ಶುರು ಮಾಡಿ. ಕ್ಯಾಡ್, ಲೇತ್ ಎಲ್ಲ ಆಮೇಲೆ.

ಗಾಡಿಯ ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಹಿಂದಿನದು ಮಾತ್ರ ಹತ್ತಿಸಿ ಇನ್ನೊಂದು ತೂಕ. ಖಾಲಿ ಇದ್ದಾಗ ಒಮ್ಮೆ, ಗಿರಾಕಿ ನಿಜವಾಗಿ ಹೇರುವ ಲೋಡ್ ಹಾಕಿ ಇನ್ನೊಮ್ಮೆ. ಇಷ್ಟು ಮಾಡಿದರೆ ಅರ್ಧ ಡಿಸೈನ್ ಮುಗಿದ ಹಾಗೆ. ಪೇಟೆಯಲ್ಲಿ ಸಿಗುವ ಎಷ್ಟೋ ಕಿಟ್‌ಗಳು ಎಷ್ಟು ಇಂಚು ಅಂತ ಹೇಳುತ್ತವೆ, ಎಷ್ಟು ತೂಕಕ್ಕೆ ಅಂತ ಹೇಳುವುದೇ ಇಲ್ಲ.

ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದು ನೀವು ಅಳೆಯಬೇಕು. ಖಾಲಿ ಗಾಡಿಯ ಹಿಂಭಾಗ 800 ಕೆ.ಜಿ. ತೂಗಿತು ಅಂತಿಟ್ಟುಕೊಳ್ಳಿ. ಅದರಲ್ಲಿ ಆಕ್ಸಲ್, ಚಕ್ರ, ಬ್ರೇಕ್ ಸೇರಿ 180 ಕೆ.ಜಿ. ಆ ತೂಕ ಸ್ಪ್ರಿಂಗ್ ಮೇಲೆ ಬೀಳುವುದಿಲ್ಲ. ಉಳಿದ 620ರಲ್ಲಿ ಒಂದೊಂದು ಬದಿಗೆ 310 ಕೆ.ಜಿ. ಚಕ್ರದ ಹತ್ತಿರ ಅಳೆದಾಗ ಸ್ಪ್ರಿಂಗ್ ಒಂದು ಮಿ.ಮೀ. ಇಳಿಯಲು 2.5 ಕೆ.ಜಿ. ಬೇಕು ಅಂತಾದರೆ, ಖಾಲಿ ಗಾಡಿಗೇ ಅದು 124 ಮಿ.ಮೀ. ಇಳಿದು ಕೂತಿರುತ್ತದೆ. ಈ ಇಳಿತದಿಂದ ಗಾಡಿ ಸೆಕೆಂಡಿಗೆ ಎಷ್ಟು ಸಲ ತೂಗಾಡುತ್ತದೆ ಅಂತ ಗೊತ್ತಾಗುತ್ತದೆ: 15.8ನ್ನು ಇಳಿತದ ವರ್ಗಮೂಲದಿಂದ ಭಾಗಿಸಿ. ಇಲ್ಲಿ ಸುಮಾರು 1.4 ಬರುತ್ತದೆ. ಒಂದರ ಕೆಳಗೆ ಹೋದರೆ ಗಾಡಿ ಓಲಾಡುತ್ತದೆ, ಎರಡರ ಹತ್ತಿರ ಹೋದರೆ ಹಿಂದೆ ಕೂತವರ ಸೊಂಟ ಹೋಗುತ್ತದೆ.

ಈಗ ಹಿಂದೆ ಆರು ಚೀಲ ಗೊಬ್ಬರ ಹಾಕಿ. 300 ಕೆ.ಜಿ. ಆಯಿತು. ಅಷ್ಟೂ ಹಿಂದಿನ ಆಕ್ಸಲ್ ಮೇಲೇ ಬಿತ್ತು ಅಂದರೆ ಗಾಡಿ ಇನ್ನೂ 60 ಮಿ.ಮೀ. ಕೂರುತ್ತದೆ. ಗಿರಾಕಿ ಹೇಳುವುದು ಇದನ್ನೇ, "ಹಿಂದೆ ಕೂತ್ಕೊಂಡ್ಬಿಡುತ್ತೆ ಸರ್" ಅಂತ. ಸರಿ, ಮಿ.ಮೀ.ಗೆ 3 ಕೆ.ಜಿ.ಯ ಗಡಸು ಸ್ಪ್ರಿಂಗ್ ಹಾಕಿದಿರಿ. ಅದೇ ಲೋಡ್‌ಗೆ ಈಗ 50 ಮಿ.ಮೀ. ಕೂರುತ್ತದೆ. ಉಳಿತಾಯ ಬರೀ 10 ಮಿ.ಮೀ.! ಅದಕ್ಕೆ ಬದಲಾಗಿ ಖಾಲಿ ಗಾಡಿಯ ಕುಲುಕಾಟ 1.4ರಿಂದ 1.6ರ ಹತ್ತಿರ ಹೋಯಿತು. ಎತ್ತರ ಕೊಡುವುದು ಮುಖ್ಯವಾಗಿ ಸ್ಪ್ರಿಂಗ್‌ನ ಉದ್ದ, ಗಡಸುತನ ಅಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ನಿರ್ಧರಿಸಿ.

ಹಾಗಾಗಿ ಒಂದೇ ಕಿಟ್ ಎಲ್ಲರಿಗೂ ಆಗುವುದಿಲ್ಲ. ದಿನವೂ ಹಿಂದೆ ಜನ ತುಂಬಿಸಿಕೊಂಡು ಹೋಗುವ ಟೂರಿಸ್ಟ್ ಜೀಪಿಗೆ ಗಡಸು ಸ್ಪ್ರಿಂಗ್ ಸರಿ. ತೋಟದ ಯಜಮಾನರು ಹೆಚ್ಚಾಗಿ ಒಬ್ಬರೇ ಓಡಿಸುತ್ತಾರೆ, ಲೋಡ್ ಬೀಳುವುದು ಕೊಯ್ಲಿನ ಹೊತ್ತಲ್ಲಿ, ಗೊಬ್ಬರದ ಹೊತ್ತಲ್ಲಿ. ಅವರಿಗೆ ಮೆತ್ತನೆಯದು ಕೊಡಿ. ಒಂದೇ ಎತ್ತರ ಕೊಡುವ ಎರಡು ಬಗೆಯ ಸ್ಪ್ರಿಂಗ್ ಇಟ್ಟುಕೊಂಡರೆ ಸಾಕು.

ಸ್ಪ್ರಿಂಗ್ ನೀವೇ ಸುತ್ತಲು ಹೋಗಬೇಡಿ. ಸ್ಪ್ರಿಂಗ್ ತಯಾರಕರಿಗೆ ಡ್ರಾಯಿಂಗ್ ಕೊಟ್ಟು ಮಾಡಿಸಿ. ತಂತಿಯ ದಪ್ಪದಲ್ಲಿ ಸ್ವಲ್ಪ ವ್ಯತ್ಯಾಸ ಆದರೂ ಗಡಸುತನ ಎಲ್ಲಿಗೋ ಹೋಗುತ್ತದೆ, ಯಾಕೆಂದರೆ ಅದು ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 12 ಮಿ.ಮೀ. ಬದಲು 13 ಹಾಕಿದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ಸುಮಾರು 38% ಗಡಸು. ಶಾಟ್ ಪೀನಿಂಗ್ (ಸಣ್ಣ ಗುಂಡುಗಳನ್ನು ಸಿಡಿಸಿ ಮೇಲ್ಮೈ ಗಟ್ಟಿ ಮಾಡುವುದು) ಕೇಳಿ ಪಡೆಯಿರಿ. ಸುರುಳಿಗಳು ಒಂದಕ್ಕೊಂದು ಮುಟ್ಟುವವರೆಗೆ ಒಮ್ಮೆ ಒತ್ತಿಸಿ, ಬಿಟ್ಟ ಮೇಲೆ ಉದ್ದ ಅಳೆದು ಕೊಡಲು ಹೇಳಿ. ಹಾಗೆ ಒತ್ತದ ಸ್ಪ್ರಿಂಗ್ ಗಾಡಿಗೆ ಹಾಕಿದ ಮೇಲೆ ತಾನಾಗಿ ಕೂತುಬಿಡುತ್ತದೆ. ಆಗ ಗಿರಾಕಿ ನಿಮ್ಮ ಬಾಗಿಲಿಗೇ ಬರುತ್ತಾರೆ.

ಇನ್ನು ಎರಡು ಇಂಚಿನ ವಿಷಯ. ಯಾಕೆ ಬೇಕು ಅಂತ ಗಿರಾಕಿಯನ್ನು ಒಮ್ಮೆ ಕೇಳಿ ನೋಡಿ. "ಅಡಿ ತಾಗುತ್ತೆ" ಅಂತಾರೆ. ಏನು ತಾಗುತ್ತೆ? ಮಳೆಗಾಲದ ತೋಟದ ರಸ್ತೆಯಲ್ಲಿ ಎರಡು ಗಾಲಿ ಜಾಡಿನ ನಡುವೆ ಮಣ್ಣು ದಿಬ್ಬ ಕಟ್ಟಿರುತ್ತದೆ. ಅದಕ್ಕೆ ತಾಗುವುದು ಹೆಚ್ಚಾಗಿ ಹಿಂದಿನ ಆಕ್ಸಲ್‌ನ ನಡುವಿನ ಗುಂಡು, ಅಂದರೆ ಡಿಫರೆನ್ಷಿಯಲ್. ಥಾರ್‌ನ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು. ಬಾಡಿಯನ್ನು ಎಷ್ಟೇ ಎತ್ತಿ, ಆ ಗುಂಡು ಒಂದು ಮಿ.ಮೀ. ಕೂಡ ಮೇಲೆ ಹೋಗುವುದಿಲ್ಲ. ಅದನ್ನು ಎತ್ತುವುದು ಟಯರ್ ಮಾತ್ರ. 255/65 ಆರ್18 ಟಯರ್‌ನ ವ್ಯಾಸ ಸುಮಾರು 789 ಮಿ.ಮೀ., 255/70 ಆದರೆ 814. ಗುಂಡಿಗೆ ಸಿಗುವುದು ಅದರ ಅರ್ಧ, 12 ಮಿ.ಮೀ. ಚಿಲ್ಲರೆ.

ಲಿಫ್ಟ್‌ನಿಂದ ಏನೂ ಉಪಯೋಗ ಇಲ್ಲ ಅಂತಲ್ಲ. ಬಂಪರ್, ಚಾಸಿಸ್‌ನ ಹೊಟ್ಟೆ, ಸೈಡ್ ಸ್ಟೆಪ್ ಮೇಲೆ ಹೋಗುತ್ತವೆ. ಆದರೆ ಕೊಡಗಿನ ಕೆಸರಲ್ಲಿ, ಅಷ್ಟು ನಿಧಾನದಲ್ಲಿ ಗಾಡಿ ಸಿಕ್ಕಿಬೀಳುವುದು ಬಹುಪಾಲು ಚಕ್ರ ಗಾಳಿಯಲ್ಲಿ ನಿಂತು ಸುಮ್ನೆ ತಿರುಗುವುದರಿಂದ. ಹಾಗಾಗಿ ನಿಮ್ಮ ಕಿಟ್ ಮಾರಬೇಕಾದ್ದು ಎತ್ತರವನ್ನಲ್ಲ. ಚಕ್ರ ಎಷ್ಟು ಕೆಳಗೆ ಇಳಿದು ನೆಲ ಹಿಡಿಯುತ್ತದೆ ಅನ್ನುವುದನ್ನು.

ಎಷ್ಟೋ ಕಿಟ್‌ಗಳು ಎಡವುವುದು ಇಲ್ಲೇ. ಉದ್ದದ ಸ್ಪ್ರಿಂಗ್ ಹಾಕಿ ಹಳೇ ಶಾಕ್ ಅಬ್ಸಾರ್ಬರ್ ಬಿಟ್ಟರೆ, ಬಾಡಿ ಮೇಲೆ ಹೋದಷ್ಟೂ ಶಾಕ್ ಎಳೆದುಕೊಂಡಿರುತ್ತದೆ. ಚಕ್ರ ಕೆಳಗೆ ಇಳಿಯಲು ಉಳಿದ ಜಾಗ ಅಷ್ಟೇ ಕಡಿಮೆ. ನೋಡಲು ಗಾಡಿ ಎತ್ತರ, ಹಳ್ಳಕ್ಕೆ ಇಳಿದರೆ ಮೊದಲಿಗಿಂತ ಬೇಗ ಚಕ್ರ ಎತ್ತುತ್ತದೆ. 40 ಮಿ.ಮೀ. ಎತ್ತಿದರೆ ಹಿಂದಿನ ಶಾಕ್ ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದ ಆಗಬೇಕು. ಉದ್ದದ ಶಾಕ್ ಮಡಚಿದಾಗಲೂ ಸ್ವಲ್ಪ ಉದ್ದವೇ ಇರುತ್ತದೆ. ಅದು ಒಳಗೆ ಕುಟ್ಟುವ ಮೊದಲೇ ಆಕ್ಸಲ್ ಬಂಪ್ ಸ್ಟಾಪ್ ರಬ್ಬರಿಗೆ, ಅಂದರೆ ಆಕ್ಸಲ್ ಅದಕ್ಕಿಂತ ಮೇಲೆ ಹೋಗದಂತೆ ತಡೆಯುವ ರಬ್ಬರಿಗೆ ತಾಗಬೇಕು. ಇಲ್ಲದಿದ್ದರೆ ಬಂಪ್ ಸ್ಟಾಪ್ ಕೆಳಗೆ ಇಳಿಸಿ.

ಇದನ್ನು ಕಂಪ್ಯೂಟರಿನಲ್ಲಿ ಹುಡುಕಬೇಡಿ, ಕಾರ್ ಕೆಳಗೆ ಮಲಗಿ ನೋಡಿ. ಚಾಸಿಸ್ಸನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ. ಹಿಂದಿನ ಎರಡೂ ಸ್ಪ್ರಿಂಗ್ ತೆಗೆಯಿರಿ. ಆಕ್ಸಲ್‌ಗೆ ಜಾಕ್ ಕೊಟ್ಟು ಹತ್ತು ಹತ್ತು ಮಿ.ಮೀ. ಇಳಿಸುತ್ತಾ ಬನ್ನಿ. ಪ್ರತಿ ಸಲ ಶಾಕ್‌ನ ಎರಡು ಕಣ್ಣಿನ ನಡುವಿನ ಉದ್ದ ಬರೆದುಕೊಳ್ಳಿ. ಬ್ರೇಕ್ ಹೋಸ್ ಯಾವಾಗ ಬಿಗಿಯಾಗುತ್ತದೆ, ಎಬಿಎಸ್ ವೈರ್ ಎಲ್ಲಿ ಎಳೆಯುತ್ತದೆ, ಆಕ್ಸಲ್‌ನ ಬ್ರೀದರ್ ಪೈಪ್ (ಒಳಗಿನ ಗಾಳಿ ಹೊರಬಿಡುವ ಕೊಳವೆ) ಕಳಚುತ್ತದಾ, ಎಲ್ಲ ಕಣ್ಣಿಗೇ ಕಾಣುತ್ತದೆ. ಆಮೇಲೆ ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ ಮಾಡಿ ಮತ್ತೆ ನೋಡಿ. ಉದ್ದದ ಬ್ರೇಕ್ ಹೋಸ್ ಇಲ್ಲದೆ ಕಿಟ್ ಡಬ್ಬಿ ಮುಚ್ಚಲೇಬೇಡಿ.

ಹಿಂದೆ ಇನ್ನೊಂದು ಕೆಲಸ ಇದೆ. ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿದಿರುವುದು ಪ್ಯಾನಾರ್ಡ್ ರಾಡ್. ಬಾಡಿ ಎತ್ತಿದಾಗ ಆ ರಾಡ್ ಓರೆಯಾಗಿ, ಆಕ್ಸಲ್ ಒಂದು ಬದಿಗೆ ಸರಿಯುತ್ತದೆ. ಹಿಂದಿನಿಂದ ನೋಡಿದರೆ ಒಂದು ಟಯರ್ ಹೊರಗೆ, ಇನ್ನೊಂದು ಒಳಗೆ. ಉದ್ದ ಹೊಂದಿಸಲು ಬರುವ ರಾಡ್ ಕೊಡಿ. ಇದು ನಿಮ್ಮ ಲೇತ್‌ಗೆ ಒಳ್ಳೆಯ ಕೆಲಸ.

ಮುಂದೆ ಕಥೆಯೇ ಬೇರೆ. ಅಲ್ಲಿ ಒಂದೊಂದು ಚಕ್ರಕ್ಕೂ ಎರಡು ವಿಶ್‌ಬೋನ್ (ಚಕ್ರವನ್ನು ಹಿಡಿದಿರುವ ಕವಲು ತೋಳು), ನಡುವೆ ಕಾಯಿಲ್ ಸಮೇತ ಶಾಕ್. ಚಕ್ರ 10 ಮಿ.ಮೀ. ಏರಿದರೆ ಸ್ಪ್ರಿಂಗ್ 6 ಮಿ.ಮೀ. ಒತ್ತುತ್ತದೆ ಅಂತಿಟ್ಟುಕೊಳ್ಳಿ. ಆಗ ಶಾಕ್‌ನ ಮೇಲೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಗಾಡಿ ಏಳುವುದು 25 ಅಲ್ಲ, ಸುಮಾರು 42. ಅಗ್ಗದ ಸ್ಪೇಸರ್ ಅಷ್ಟು "ಚೆನ್ನಾಗಿ" ಎತ್ತುವ ಗುಟ್ಟು ಇದೇ. ಆದರೆ ಮುಂದಿನ ಡಿಫರೆನ್ಷಿಯಲ್ ಚಾಸಿಸ್‌ಗೆ ಕಟ್ಟಿದೆ, ಚಕ್ರದ ಜೊತೆ ಇಳಿಯುವುದಿಲ್ಲ. ಹಾಗಾಗಿ ಎತ್ತಿದಷ್ಟೂ ಡ್ರೈವ್ ಶಾಫ್ಟ್ ಓರೆ, ಅದರ ತುದಿಯ ಬಾಗುವ ಕೀಲು, ಅಂದರೆ ಸಿವಿ ಜಾಯಿಂಟ್‌ಗೆ ಕಷ್ಟ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಚಕ್ರ ಪೂರ್ತಿ ಇಳಿಸಿ, ಕೈಯಲ್ಲಿ ಚಕ್ರ ತಿರುಗಿಸಿ ನೋಡಿ. ರಬ್ಬರ್ ಬೂಟ್‌ನ ಮಡಿಕೆಗಳು ಒಂದಕ್ಕೊಂದು ಉಜ್ಜಿದರೆ ಅಲ್ಲಿಗೆ ನಿಲ್ಲಿಸಿ. ನಮ್ಮ ಮಳೆಗಾಲದಲ್ಲಿ ಬೂಟ್ ಹರಿದರೆ ಒಳಗೆ ಹೋಗುವುದು ಕೆಮ್ಮಣ್ಣಿನ ನೀರು. ಜಾಯಿಂಟ್ ಜಾಸ್ತಿ ದಿನ ಬಾಳುವುದಿಲ್ಲ. ಮುಂದೆ ಬೇಕಾದ ಎತ್ತರವನ್ನು ಆ ಬೂಟ್ ನೋಡಿಯೇ ತೀರ್ಮಾನಿಸಿ. ಹಿಂಭಾಗವನ್ನು ಅದಕ್ಕೆ ಹೊಂದಿಸಿ.

ಶಾಕ್ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಗಿರಾಕಿಗಳು ಮೋನೋಟ್ಯೂಬ್ (ಒಂದೇ ಕೊಳವೆಯ) ಗ್ಯಾಸ್ ಶಾಕ್ ಹೆಸರು ಹಿಡಿದು ಕೇಳುತ್ತಾರೆ. ಮರಳುಗಾಡಿನಲ್ಲಿ ಜೋರಾಗಿ ಗಂಟೆಗಟ್ಟಲೆ ಓಡಿಸುವವರಿಗೆ ಅದು ಸರಿ, ಬಿಸಿ ಬೇಗ ಹೊರಹೋಗುತ್ತದೆ. ಇಲ್ಲಿ ನಾವು ಓಡಿಸುವುದು ಒಂದನೇ ಗೇರ್, ಲೋ ರೇಂಜ್. ಕಲ್ಲು ಹೊಡೆಯುವುದು ಜಾಸ್ತಿ. ಮೋನೋಟ್ಯೂಬ್‌ನ ಕೊಳವೆ ನೆಗ್ಗಿದರೆ ಒಳಗಿನ ಪಿಸ್ಟನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಟ್ವಿನ್ ಟ್ಯೂಬ್‌ನಲ್ಲಿ ಕೊಳವೆಯೊಳಗೆ ಇನ್ನೊಂದು ಕೊಳವೆ ಇರುತ್ತದೆ, ಹೊರಗಿನದು ಸ್ವಲ್ಪ ನೆಗ್ಗಿದರೂ ಕೆಲಸ ನಡೆಯುತ್ತದೆ, ಬೆಲೆಯೂ ಕಡಿಮೆ. ಕೊಡಗಿಗೆ ನಾನು ಆರಿಸುವುದು ದಪ್ಪನೆಯ ಟ್ವಿನ್ ಟ್ಯೂಬ್. ಅದರ ವಾಲ್ವ್ ಸೆಟ್ಟಿಂಗನ್ನು ನಿಮ್ಮ ಸ್ಪ್ರಿಂಗ್‌ಗೆ ಹೊಂದಿಸಿ ಕೊಡಲು ತಯಾರಕರಿಗೆ ಹೇಳಿ. ಸ್ಪ್ರಿಂಗ್ 20% ಗಡಸು ಮಾಡಿದರೆ ಶಾಕ್‌ನ ಹಿಡಿತ ಸುಮಾರು 10% ಹೆಚ್ಚಿದರೆ ಸಾಕು. ಚಕ್ರ ಕೆಳಗೆ ಇಳಿಯುವಾಗಿನ ಹಿಡಿತ ತೀರಾ ಬಿಗಿ ಮಾಡಬೇಡಿ, ಹಳ್ಳದ ಮೇಲೆ ಹಳ್ಳ ಬಂದಾಗ ಚಕ್ರ ಕೆಳಗೆ ಬರುವುದೇ ಇಲ್ಲ.

ಟೆಸ್ಟ್ ಮಾಡಲು ದುಬಾರಿ ಸೆನ್ಸರ್ ಬೇಡ. ಶಾಕ್‌ನ ಹೊಳೆಯುವ ರಾಡಿಗೆ ಒಂದು ಕೇಬಲ್ ಟೈ ಹಗುರವಾಗಿ ಸುತ್ತಿ, ಸೀಲ್‌ವರೆಗೆ ತಳ್ಳಿ. ಮಾಂದಲ್‌ಪಟ್ಟಿ ರಸ್ತೆ ಹತ್ತಿ ಇಳಿದು ಬನ್ನಿ. ಟೈ ಎಲ್ಲಿ ನಿಂತಿದೆಯೋ ಅಲ್ಲಿಯವರೆಗೆ ಶಾಕ್ ಮಡಚಿದೆ ಅಂತ ಅರ್ಥ. ಪ್ರತಿ ಸಲವೂ ಕೊನೆಗೇ ಹೋಗಿ ನಿಂತರೆ ಸ್ಪ್ರಿಂಗ್ ಮೆತ್ತಗಾಯಿತು. ಅರ್ಧಕ್ಕೇ ನಿಂತರೆ ನೀವು ಕೊಟ್ಟ ಓಡಾಟದ ಜಾಗ ದಂಡ.

ಕೊನೆಗೆ ವ್ಹೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಎರಡನ್ನೂ ಮತ್ತೆ ಹೊಂದಿಸಿ. ಮೂಗು ಎತ್ತಿದ ಜೀಪಿನ ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಮಡಿಕೇರಿಯ ಮಂಜಿನಲ್ಲಿ ಅದು ಓಡಿಸುವವರಿಗೂ ಕಷ್ಟವೇ.

ಪ್ರಶ್ನೆ: ಭಾಗಮಂಡಲದ ಹತ್ತಿರ ನಮ್ಮ ತೋಟ. ಹಳೇ ಜಿಪ್ಸಿ ಇದೆ. ಹಿಂದೆ ಒಂದು ಪ್ಲೇಟ್ ಜಾಸ್ತಿ ಹಾಕಲಾ, ಇಲ್ಲ ಉದ್ದದ ಶ್ಯಾಕಲ್ (ಸ್ಪ್ರಿಂಗ್ ತುದಿಯ ಕೊಂಡಿ) ಹಾಕಲಾ?

ಉತ್ತರ: ಎರಡೂ ಈಗಲೇ ಬೇಡ. ಜಿಪ್ಸಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟ್‌ಗಳು. ಇಷ್ಟು ಮಳೆಗಾಲ ಕಂಡ ಮೇಲೆ ಪ್ಲೇಟ್‌ಗಳ ನಡುವೆ ತುಕ್ಕು ಹಿಡಿದು ಪೂರ್ತಿ ಸೆಟ್ ಒಂದೇ ಪಟ್ಟಿಯ ಹಾಗೆ ಗಟ್ಟಿಯಾಗಿರುತ್ತದೆ. ಮೊದಲು ಬಿಚ್ಚಿ ಉಜ್ಜಿಸಿ, ಗ್ರ್ಯಾಫೈಟ್ ಗ್ರೀಸ್ ಹಚ್ಚಿಸಿ. ಬುಷ್, ಸೆಂಟರ್ ಬೋಲ್ಟ್ ಹೊಸದು ಹಾಕಿಸಿ. ಯು ಬೋಲ್ಟ್ ಒಮ್ಮೆ ಬಿಚ್ಚಿದ ಮೇಲೆ ಹಳೇದನ್ನೇ ಹಾಕಬೇಡಿ, ಅದು ಎಳೆದುಕೊಂಡಿರುತ್ತದೆ. ಇಷ್ಟಕ್ಕೇ ಗಾಡಿ ಬೇರೆಯಾಗಿ ನಡೆಯುತ್ತದೆ.

ಆಮೇಲೂ ಕೂತಿದ್ದರೆ ಪ್ಲೇಟ್‌ಗಳ ಕಮಾನು ಇಳಿದಿದೆ ಅಂತ ಅರ್ಥ. ಹೊಸ ಸೆಟ್ ಹಾಕಿಸಿ. ಶ್ಯಾಕಲ್ 50 ಮಿ.ಮೀ. ಉದ್ದ ಮಾಡಿದರೆ ಸಿಗುವ ಎತ್ತರ ಸುಮಾರು ಅದರ ಅರ್ಧ. ಸ್ಪ್ರಿಂಗ್‌ನ ಒಂದೇ ತುದಿ ಇಳಿಯುವುದರಿಂದ ಆಕ್ಸಲ್ ತಿರುಗಿ, ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ. ಮುಂದೆ ಹಾಕಿದರೆ ಸ್ಟಿಯರಿಂಗ್ ಕೂಡ ಕೆಡುತ್ತದೆ.

ಪ್ರಶ್ನೆ: ನನ್ನದು ಹಳದಿ ಬೋರ್ಡ್ ಜೀಪ್. ಲಿಫ್ಟ್ ಮಾಡಿಸಿದರೆ ಎಫ್‌ಸಿಯಲ್ಲಿ (ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸುವಾಗ) ತೊಂದರೆ ಆಗುತ್ತಾ?

ಉತ್ತರ: ಆಗಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಬಾಡಿಗೆಗೆ ಜನ ಹತ್ತಿಸುವ ಗಾಡಿಗೆ ಇನ್ನೊಂದು ಕಾರಣವೂ ಇದೆ. ಎತ್ತರ ಏರಿದಂತೆ ಓರೆ ರಸ್ತೆಯಲ್ಲಿ ಮಗುಚುವ ಅಪಾಯ ಏರುತ್ತದೆ. ಹಿಂದೆ ಕೂತವರ ತೂಕ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಿಮಗೆ ನಾನು ಹೇಳುವುದು, ಕಂಪನಿ ಎತ್ತರವನ್ನೇ ಇಟ್ಟುಕೊಳ್ಳಿ. ಕೂತುಹೋದ ಸ್ಪ್ರಿಂಗ್ ಬದಲಿಸಿ, ಒಳ್ಳೆಯ ಶಾಕ್ ಹಾಕಿಸಿ. ಗೋಣಿಕೊಪ್ಪದ ಓದುಗರೂ ಮೊದಲ ಕಿಟ್ಟನ್ನು ಹೀಗೇ, ಎತ್ತರ ಬದಲಿಸದೆ ತಂದರೆ ಮಾರುವುದೂ ಸುಲಭ. ಅದಕ್ಕೂ ಮೀರಿ ಏನಾದರೂ ಮಾಡಿಸುವುದಿದ್ದರೆ ಮೊದಲು ಮಡಿಕೇರಿಯ ಆರ್‌ಟಿಒ ಕಚೇರಿಗೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಇನ್ಶೂರೆನ್ಸ್‌ನವರಿಗೂ ತಿಳಿಸಿಡಿ.