ಕೆಲಸ ಮಾಡಿಸಿದರೆ ಸಾಕಲ್ವಾ, ನಡತೆ ಯಾಕೆ ನೋಡಬೇಕು?

"ನಾಯಕರು ಊರಿಗೆ ಕೆಲಸ ಮಾಡಿಸಿದರೆ ಸಾಕಲ್ವಾ, ಮನೆಯೊಳಗಿನ ನಡತೆ ನಮಗ್ಯಾಕೆ?" ಅಂತ ಕೇಳಿದ್ದೀರಿ. ನಾನು ಹಾಸನದವನು. 2024ರ ಏಪ್ರಿಲ್‌ವರೆಗೆ ನಾನೂ ಹೆಚ್ಚುಕಮ್ಮಿ ಹೀಗೇ ಮಾತಾಡುತ್ತಿದ್ದೆ.

ಆ ತಿಂಗಳು ಮತದಾನಕ್ಕೆ ಮುಂಚೆಯೇ ಊರಲ್ಲೆಲ್ಲ ನಮ್ಮ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರ ಲೈಂಗಿಕ ದೌರ್ಜನ್ಯದ್ದು ಎನ್ನಲಾದ ವಿಡಿಯೊಗಳಿದ್ದ ಪೆನ್ ಡ್ರೈವ್‌ದೇ ಮಾತು. 26ಕ್ಕೆ ಮತದಾನ ಮುಗಿಯಿತು, ಪ್ರಜ್ವಲ್ ಜರ್ಮನಿಗೆ ಹೋದರು. ಮೇ 31ಕ್ಕೆ ವಾಪಸ್ ಬಂದಾಗ ಬೆಂಗಳೂರು ಏರ್‌ಪೋರ್ಟ್‌ನಲ್ಲೇ ಬಂಧನ. ಚುನಾವಣೆ ಸೋತರು ನಿಜ, 42 ಸಾವಿರ ಚಿಲ್ಲರೆ ಮತಗಳಿಂದ. ಆದರೂ ಆರು ಲಕ್ಷಕ್ಕಿಂತ ಜಾಸ್ತಿ ಮತ ಬಿದ್ದಿತ್ತು. ಅದರಲ್ಲಿ ನಮ್ಮಪ್ಪನದೂ ಒಂದು. ಕೇಳಿದ್ದಕ್ಕೆ "ದೊಡ್ಡಗೌಡ್ರ ಮುಖ ನೋಡಿ ಹಾಕ್ದೆ ಕಣೋ" ಅಂದರು, ಅಂದರೆ ಪ್ರಜ್ವಲ್ ಅವರ ತಾತ, ಮಾಜಿ ಪ್ರಧಾನಿ ದೇವೇಗೌಡರ ಮುಖ. ಅಪ್ಪನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಋಣ ಅಂದರೆ ಅವರ ಕಾಲದವರಿಗೆ ಸಣ್ಣ ಮಾತಲ್ಲ.

ಆದರೆ 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ಕೋರ್ಟ್ ಪ್ರಜ್ವಲ್ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತಲ್ಲ, ಆ ಅತ್ಯಾಚಾರ ಕೇಸಿನ ಸಂತ್ರಸ್ತೆ ಯಾರು? ಅವರ ಕುಟುಂಬದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು. ಸಂಸದರ ಮೇಲೆ ದೂರು ಕೊಡಲು ಸ್ಟೇಷನ್ ಮೆಟ್ಟಿಲು ಹತ್ತುವ ಧೈರ್ಯ ಕೆಲಸದಾಕೆಗೆ ಎಲ್ಲಿಂದ ಬರಬೇಕು? ಹಾಗಾಗಿ ಈಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಎದುರಿನವರಿಗೆ "ಬೇಡ" ಅಂತ ಹೇಳಿ ಎದ್ದು ಹೋಗುವ ದಾರಿ ಇತ್ತಾ? ಇದ್ದರೆ ಅದು ಅವರಿಬ್ಬರ ವಿಷಯ, ನಾವು ಇಣುಕಬಾರದು. ಇಲ್ಲದಿದ್ದರೆ, ಆ ದಾರಿ ಮುಚ್ಚಿದ್ದು ನಾವು ಮತ ಹಾಕಿ ಕೊಟ್ಟ ಅಧಿಕಾರ. ಆಗ ಅದು ಖಾಸಗಿ ಹೇಗಾಗುತ್ತದೆ?

ಹಾಗಂತ ವಿಡಿಯೊ ಹಂಚಿದವರನ್ನು ನ್ಯಾಯದ ಪರ ಇದ್ದವರು ಅಂತ ನಾನು ಒಪ್ಪಲ್ಲ. ಹೆಂಗಸರ ಮುಖ ಕೂಡ ಮರೆಮಾಡದೆ ಹರಿಬಿಟ್ಟರು. ನಮ್ಮ ನೆಂಟರ ಗ್ರೂಪಿಗೂ ಒಂದು ಬಂತು. "ಚಿಕ್ಕಪ್ಪ, ಇದನ್ನ ತೆಗೀರಿ" ಅಂದಿದ್ದಕ್ಕೆ ಅವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ.

ಲೆಕ್ಕ ಕೇಳೋದು ಕೋರ್ಟಿನ ಕೆಲಸ ಮಾತ್ರ ಅಂತಲೂ ಅಲ್ಲ. ನಮ್ಮ ಬೀದಿಯ ಗಣಪತಿ ಬ್ಯಾನರಿನಲ್ಲಿ ಪ್ರತಿ ವರ್ಷ ಒಬ್ಬ ಮುಖಂಡರ ಫೋಟೊ ಇರುತ್ತಿತ್ತು. ಮನೆಕೆಲಸದವಳ ಮೇಲೆ ಕೈ ಮಾಡಿದ್ದು ಬೀದಿಗೆಲ್ಲ ಗೊತ್ತಿತ್ತು. ಹೋದ ಸಲ ಫೋಟೊ ಬೇಡ ಅಂದೆವು. "ಮತ್ತೆ ಚಂದಾ ಯಾರು ಕೊಡ್ತಾರೆ, ನೀನಾ?" ಅಂತ ಒಬ್ಬರು ರೇಗಿದರು. ಅವರು ಹೇಳಿದ್ದೂ ಸುಳ್ಳಾಗಲಿಲ್ಲ. ದುಡ್ಡು ಸಾಲದೆ ಆರ್ಕೆಸ್ಟ್ರಾ ಬಿಟ್ಟು, ಬೀದಿಯ ಮಕ್ಕಳ ಕೈಲೇ ಹಾಡಿಸಿದೆವು.